ಡಿಆರ್‌ಎಲ್ ಕೈಕೊಟ್ಟರೆ: ಹೊಸ ಲೈಟು ಕೊಳ್ಳುವ ಮೊದಲು ವೈರಿಂಗ್ ನೋಡಿ

ಬಳ್ಳಾರಿಯಿಂದ ತೋರಣಗಲ್ಲು, ಅಲ್ಲಿಂದ ಸಂಡೂರು ಅಂತ ದಿನಾ ಓಡಾಡುವವರಿಗೆ ಹಗಲು ಹೊತ್ತಿನ ಲೈಟು, ಅಂದರೆ ಡಿಆರ್‌ಎಲ್ (ಡೇಟೈಮ್ ರನ್ನಿಂಗ್ ಲೈಟ್), ಶೋಕಿಯ ವಸ್ತು ಅಲ್ಲ. ಅದಿರು ಲಾರಿ ಎಬ್ಬಿಸುವ ಕೆಂಪು ಧೂಳಿನಲ್ಲಿ ಎದುರಿನ ಗಾಡಿ ಹತ್ತಿರ ಬರುವವರೆಗೂ ಕಾಣುವುದಿಲ್ಲ. ಓವರ್‌ಟೇಕ್ ಮಾಡಲು ಹೊರಗೆ ಬಂದವನ ಕಣ್ಣಿಗೆ ನಾವು ಎರಡು ಕ್ಷಣ ಮೊದಲೇ ಬಿದ್ದರೆ ಅವನು ಒಳಗೆ ಸರಿದುಕೊಳ್ಳುತ್ತಾನೆ. 2017ರ ಏಪ್ರಿಲ್‌ನಿಂದ ಹೊಸ ಬೈಕ್‌ಗಳಲ್ಲಿ ಹಗಲಲ್ಲೂ ಹೆಡ್‌ಲೈಟ್ ತಾನಾಗೇ ಉರಿಯುವಂತೆ ಮಾಡಿದ್ದು ಇದೇ ಕಾರಣಕ್ಕೆ. ಥಾರ್, ಬೊಲೆರೊ, ಸ್ಕಾರ್ಪಿಯೊ, ಹಳೇ ಜಿಪ್ಸಿ ಇಟ್ಟುಕೊಂಡವರು ಹೊರಗಿನ ಡಿಆರ್‌ಎಲ್ ಕಿಟ್ ತಂದು ಹಾಕಿಸುತ್ತಾರೆ. ಹಾಕಿಸಿದ ದಿನ ಚೆನ್ನಾಗಿಯೇ ಉರಿಯುತ್ತದೆ. ಒಂದು ಮಳೆಗಾಲ, ಒಂದು ಬೇಸಿಗೆ ದಾಟುವುದರೊಳಗೆ ಒಂದು ಲೈಟು ಮಂಕಾಗುತ್ತದೆ, ಇನ್ನೊಂದು ಮಿಣುಕುತ್ತದೆ, ಇಲ್ಲವೇ ಬೆಳಿಗ್ಗೆ ಸೆಲ್ಫ್ ಹೊಡೆದರೆ ಬ್ಯಾಟರಿ ಇಳಿದಿರುತ್ತದೆ.

ಅಂಗಡಿಗೆ ಹೋದರೆ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ. "ಲೈಟು ಹೋಗೈತಣ್ಣಾ, ಹೊಸ ಸೆಟ್ ಹಾಕಿಸ್ರಿ." ಹೊಸ ಸೆಟ್ಟನ್ನು ಅದೇ ಹಳೇ ವೈರಿಗೆ ಸೇರಿಸುತ್ತಾರೆ. ಕೆಲವು ತಿಂಗಳಲ್ಲಿ ಮತ್ತೆ ಅದೇ ರಗಳೆ. ನಮ್ಮ ಭಾಗದ ಗಾಡಿಗಳಲ್ಲಿ ಎಲ್‌ಇಡಿ ತಾನಾಗಿ ಸಾಯುವುದು ಕಡಿಮೆ. ದೋಷ ಇರುವುದು ಜಾಯಿಂಟ್‌ನಲ್ಲಿ, ಅದರಲ್ಲೂ ಮೈನಸ್ ಕಡೆಯ ಜಾಯಿಂಟ್‌ನಲ್ಲಿ. ಲೈಟು ಆರಿದ್ದಾಗ ಮೀಟರ್ ಹಿಡಿದರೆ ಈ ದೋಷ ಕಾಣುವುದೇ ಇಲ್ಲ. ಲೈಟಿಗೆ ಕರೆಂಟು ಹರಿಯುತ್ತಿರುವಾಗಲೇ ಅಳೆಯಬೇಕು. ಈ ಬರಹದಲ್ಲಿ ಮತ್ತೆ ಮತ್ತೆ ಬರುವ ಮಾತು ಇದೇ.

ಸರಿಯಾದ ವೈರಿಂಗ್ ಹೇಗಿರುತ್ತದೆ

ಸರಿ ಇದ್ದಾಗ ಹೇಗಿರಬೇಕು ಅಂತ ಗೊತ್ತಿಲ್ಲದೆ ತಪ್ಪು ಹುಡುಕಲು ಆಗುವುದಿಲ್ಲ. ಕಿಟ್‌ಗಳು ಎರಡು ಥರ. ಒಂದರಲ್ಲಿ ಸಣ್ಣ ಕಂಟ್ರೋಲ್ ಬಾಕ್ಸ್ ಇರುತ್ತದೆ. ಅದನ್ನು ನೇರ ಬ್ಯಾಟರಿಗೆ ಸೇರಿಸುತ್ತಾರೆ. ಎಂಜಿನ್ ಶುರುವಾಗಿ ಆಲ್ಟರ್ನೇಟರ್ ಚಾರ್ಜ್ ಮಾಡತೊಡಗಿದರೆ ಬ್ಯಾಟರಿ ವೋಲ್ಟೇಜ್ 13.8ರಿಂದ 14.4ರವರೆಗೆ ಏರುತ್ತದೆ. ಸುಮಾರು 13 ವೋಲ್ಟ್ ದಾಟಿದ್ದನ್ನು ನೋಡಿ ಬಾಕ್ಸ್ ಲೈಟು ಹಚ್ಚುತ್ತದೆ. ಇನ್ನೊಂದರಲ್ಲಿ ಕೀಲಿ ತಿರುಗಿಸಿದಾಗ ಮಾತ್ರ ಕರೆಂಟು ಬರುವ ಫ್ಯೂಸಿನಿಂದ ರಿಲೇ (ಕರೆಂಟಿನಿಂದಲೇ ಆನ್, ಆಫ್ ಆಗುವ ಸ್ವಿಚ್) ಮೂಲಕ ಲೈಟಿಗೆ ಹೋಗುತ್ತದೆ. ಎರಡರಲ್ಲೂ ಪಾರ್ಕಿಂಗ್ ಲೈಟಿನಿಂದ ಒಂದು ಸಿಗ್ನಲ್ ವೈರ್ ಬರುತ್ತದೆ. ರಾತ್ರಿ ಹೆಡ್‌ಲೈಟ್ ಹಾಕಿದಾಗ ಡಿಆರ್‌ಎಲ್ ಆರಿಸುವುದು, ಇಲ್ಲವೇ ಮಂದ ಮಾಡುವುದು ಆ ವೈರಿನ ಕೆಲಸ.

ರಿಲೇ ಹಾಕಿದ್ದರೆ ಐದು ಕಾಲಿನದು ಬೇಕು, ಒಂದೊಂದು ಕಾಲಿಗೂ ಒಂದು ನಂಬರ್. ಫ್ಯೂಸಿನಿಂದ ಬರುವ ಪ್ಲಸ್ 30ಕ್ಕೆ. ಡಿಆರ್‌ಎಲ್‌ಗೆ ಹೋಗುವುದು 87ಎ ಇಂದ. ಪಾರ್ಕಿಂಗ್ ಲೈಟಿನ ಪ್ಲಸ್ 86ಕ್ಕೆ. 85 ಅರ್ಥಿಂಗ್‌ಗೆ, ಅಂದರೆ ಬಾಡಿಯ ಮೂಲಕ ಬ್ಯಾಟರಿಯ ಮೈನಸ್‌ಗೆ. ಪಾರ್ಕಿಂಗ್ ಹಾಕಿದ ಕೂಡಲೇ ಕಾಯಿಲ್ ಎಳೆದುಕೊಂಡು 87ಎ ಬಿಟ್ಟುಹೋಗುತ್ತದೆ, ಡಿಆರ್‌ಎಲ್ ಆರುತ್ತದೆ. ಇಷ್ಟೇ ಯಂತ್ರ. 87 ಮತ್ತು 87ಎ ಅದಲುಬದಲಾದರೆ ಹಗಲು ಆರಿ ರಾತ್ರಿ ಉರಿಯುತ್ತದೆ. ಹಾಗೆ ಉಲ್ಟಾ ಕೆಲಸ ಮಾಡುವ ಗಾಡಿ ಕಂಡರೆ ಬೇರೇನೂ ಬಿಚ್ಚಬೇಡಿ, ಆ ಎರಡು ವೈರ್ ಮಾತ್ರ ನೋಡಿ.

ಒಂದು ಲೈಟು 10 ವ್ಯಾಟ್ ಇದ್ದರೂ ಎಳೆಯುವುದು ಮುಕ್ಕಾಲು ಆಂಪಿಯರ್. ಎರಡೂ ಸೇರಿ ಒಂದೂವರೆ. ಆದ್ದರಿಂದ 3 ಅಥವಾ 5 ಆಂಪಿಯರ್ ಫ್ಯೂಸ್ ಸಾಕು. ಅದು ಬ್ಯಾಟರಿಯ ಹತ್ತಿರವೇ ಇರಬೇಕು. ಫ್ಯೂಸ್ ದೂರ ಇದ್ದರೆ ಬ್ಯಾಟರಿಗೂ ಫ್ಯೂಸಿಗೂ ನಡುವಿನ ವೈರಿಗೆ ಯಾವ ಕಾವಲೂ ಇಲ್ಲ.

ಬೇಕಾದ ಸಾಮಾನು

ಒಂದು ಡಿಜಿಟಲ್ ಮಲ್ಟಿಮೀಟರ್. ಎರಡು ವೈರ್ ಬೆಸೆದ 21 ವ್ಯಾಟಿನ ಹಳೇ ಇಂಡಿಕೇಟರ್ ಬಲ್ಬ್. ಉಪ್ಪುಕಾಗದ, ವ್ಯಾಸಲಿನ್, ಒಳಗೆ ಅಂಟು ಇರುವ ಹೀಟ್ ಸ್ಲೀವ್, ಲಗ್ಗು (ವೈರಿನ ತುದಿಗೆ ಹಾಕುವ ಲೋಹದ ಕೊಂಡಿ) ಒತ್ತುವ ಕ್ರಿಂಪಿಂಗ್ ಇಕ್ಕಳ. ಬಲ್ಬನ್ನು ಕಡೆಗಣಿಸಬೇಡಿ, ಮೀಟರ್‌ಗಿಂತ ಅದೇ ಜಾಸ್ತಿ ನಿಜ ಹೇಳುತ್ತದೆ. ಮೀಟರ್ ಎಳೆಯುವ ಕರೆಂಟು ಎಷ್ಟು ಕಡಿಮೆ ಎಂದರೆ, ಒಂದೇ ಎಳೆ ತಾಮ್ರ ಉಳಿದ ವೈರಿನಲ್ಲೂ ಅದು 12.6 ಅಂತ ತೋರಿಸುತ್ತದೆ. ಬಲ್ಬಿಗೆ ಸುಮಾರು ಒಂದೂಮುಕ್ಕಾಲು ಆಂಪಿಯರ್ ಬೇಕು. ವೈರ್ ಸರಿ ಇಲ್ಲದಿದ್ದರೆ ಅದು ಪೂರ್ತಿ ಬೆಳಗುವುದಿಲ್ಲ. ಆದರೆ ಏರ್‌ಬ್ಯಾಗ್ ವೈರಿಗೆ, ಎಂಜಿನ್ ಕಂಪ್ಯೂಟರಿನ ವೈರಿಗೆ ಈ ಬಲ್ಬನ್ನು ಯಾವತ್ತೂ ತಾಗಿಸಬೇಡಿ.

ಎರಡೂ ಲೈಟು ಹತ್ತುತ್ತಿಲ್ಲ

ಎರಡೂ ಒಟ್ಟಿಗೆ ಹೋಗಿದ್ದರೆ ದೋಷ ಎರಡಕ್ಕೂ ಸೇರಿದ ಜಾಗದಲ್ಲಿದೆ. ಅಂದರೆ ಫ್ಯೂಸ್, ರಿಲೇ, ಕಂಟ್ರೋಲ್ ಬಾಕ್ಸ್, ಇಲ್ಲವೇ ಎರಡಕ್ಕೂ ಒಂದೇ ಅರ್ಥಿಂಗ್ ಕೊಟ್ಟಿದ್ದರೆ ಅದು. ಬಂಪರ್ ಬಿಚ್ಚುವ ಕೆಲಸ ಈಗಲೇ ಬೇಡ.

ಮೊದಲು ಪಾರ್ಕಿಂಗ್ ಮತ್ತು ಹೆಡ್‌ಲೈಟ್ ಸ್ವಿಚ್ ಪೂರ್ತಿ ಆಫ್ ಇದೆಯೇ ನೋಡಿ. ಹೆಡ್‌ಲೈಟ್ ಆಟೋದಲ್ಲಿ ಇರುವ ಗಾಡಿಯನ್ನು ಶೆಡ್ಡಿನ ನೆರಳಲ್ಲಿ ನಿಲ್ಲಿಸಿದರೆ ಪಾರ್ಕಿಂಗ್ ಲೈಟು ತಾನಾಗೇ ಹತ್ತಿರುತ್ತದೆ. ಆಗ ಡಿಆರ್‌ಎಲ್ ಆರಿರುವುದೇ ಸರಿ. ಗಾಡಿ ಬಿಸಿಲಿಗೆ ತಂದು ಮತ್ತೆ ನೋಡಿ.

ಫ್ಯೂಸನ್ನು ಕಣ್ಣಿನಲ್ಲಿ ನೋಡಿ ನಂಬಬೇಡಿ. ಹೋಲ್ಡರಿನಲ್ಲಿ ಇದ್ದಹಾಗೇ ಎರಡೂ ತುದಿಯಲ್ಲಿ ವೋಲ್ಟೇಜ್ ನೋಡಿ. ಒಂದು ಕಡೆ 12.6 ಇದ್ದು ಇನ್ನೊಂದು ಕಡೆ ಸೊನ್ನೆ ಇದ್ದರೆ ಫ್ಯೂಸ್ ಹೋಗಿದೆ. ಹೊಸ ಫ್ಯೂಸೂ ಕೂಡಲೇ ಹೋದರೆ ಎಲ್ಲೋ ವೈರ್ ಬಾಡಿಗೆ ತಾಗುತ್ತಿದೆ. ಒಂದರ ಹಿಂದೆ ಒಂದು ಫ್ಯೂಸ್ ಸುಡುತ್ತಾ ಕೂರಬೇಡಿ. ಫ್ಯೂಸ್ ಜಾಗದಲ್ಲಿ ನಮ್ಮ 21 ವ್ಯಾಟಿನ ಬಲ್ಬ್ ಸೇರಿಸಿ, ಎರಡೂ ಲೈಟಿನ ಕಪ್ಲರ್ (ವೈರ್ ಜೋಡಿಸುವ ಪ್ಲಗ್) ಕಳಚಿ. ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಬೆಳಗುತ್ತದೆ. ಈಗ ವೈರನ್ನು ಬ್ಯಾಟರಿ ಕಡೆಯಿಂದ ಅಡಿ ಅಡಿಯಾಗಿ ಅಲ್ಲಾಡಿಸುತ್ತಾ ಹೋಗಿ. ಎಲ್ಲಿ ಅಲ್ಲಾಡಿಸಿದಾಗ ಬಲ್ಬ್ ಆರುತ್ತದೋ ಅಲ್ಲಿ ಸಿಪ್ಪೆ ಸವೆದಿದೆ. ಹೆಚ್ಚಾಗಿ ಅದು ರೇಡಿಯೇಟರ್ ಪಕ್ಕದ ತಗಡಿನ ಅಂಚಿನಲ್ಲಿ, ಇಲ್ಲವೇ ಬಂಪರಿನ ಕಬ್ಬಿಣದಲ್ಲಿ ವೈರ್ ಹಾದುಹೋಗುವ ತೂತಿನಲ್ಲಿ ಇರುತ್ತದೆ. ಫ್ಯೂಸ್ ಜಾಗಕ್ಕೆ ಸಿಗರೇಟ್ ಪ್ಯಾಕಿನ ಹಾಳೆ ಸುತ್ತುವುದು, ತಾಮ್ರದ ಎಳೆ ಕಟ್ಟುವುದು ಮಾತ್ರ ಖಂಡಿತ ಬೇಡ. ಆಮೇಲೆ ಸುಡುವುದು ವೈರು, ಅದರ ಜೊತೆ ಗಾಡಿ.

ಹೊಸದಾಗಿ ಹಾಕಿದ ರಿಲೇಯಲ್ಲಿ ಪಾರ್ಕಿಂಗ್ ಹಾಕಿದ ಕೂಡಲೇ ಪಾರ್ಕಿಂಗ್ ಲೈಟಿನ ಫ್ಯೂಸ್ ಹೋಗುತ್ತಿದ್ದರೆ ರಿಲೇಯ ಮೇಲಿನ ಚಿತ್ರ ನೋಡಿ. ಒಳಗೆ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಇರುವ ರಿಲೇಗೆ ಪ್ಲಸ್, ಮೈನಸ್ ಗೊತ್ತಾಗುತ್ತದೆ. 85, 86 ತಿರುಗಿಸಿ ಹಾಕಿದರೆ ಅದು ನೇರ ಶಾರ್ಟ್.

ಫ್ಯೂಸ್ ಸರಿ ಇದೆ, ಎಂಜಿನ್ ಓಡುತ್ತಿದೆ, ಆದರೂ ಬಾಕ್ಸಿನಿಂದ ಏನೂ ಹೊರಬರುತ್ತಿಲ್ಲ ಎಂದರೆ ಬಾಕ್ಸಿನ ಹೊಟ್ಟೆಗೆ ಬರುವ ವೋಲ್ಟೇಜ್ ಅಳೆಯಿರಿ, ಬ್ಯಾಟರಿಯ ಮೇಲಲ್ಲ. ಬ್ಯಾಟರಿಯಲ್ಲಿ 14 ಇದ್ದು ಬಾಕ್ಸಿನ ವೈರಿನಲ್ಲಿ 12.7 ಇದ್ದರೆ ಬಾಕ್ಸು ಎಂಜಿನ್ ಆಫ್ ಇದೆ ಅಂತಲೇ ತಿಳಿಯುತ್ತದೆ. ಬ್ಯಾಟರಿ ಟರ್ಮಿನಲ್ ಮೇಲೆ ಸುಮ್ನೆ ಸಿಕ್ಕಿಸಿದ ಲಗ್ಗಿನ ಕೆಳಗೆ ಬಿಳಿ ಪುಡಿ ಕಟ್ಟಿದ್ದರೆ ಹೀಗಾಗುತ್ತದೆ.

ಒಂದು ಮಾತ್ರ ಮಂಕು, ಅಥವಾ ಒಂದು ಮಾತ್ರ ಹೋಗಿದೆ

ಜಾಸ್ತಿ ಬರುವ ದೂರು ಇದು. ಮೊದಲು ಎರಡು ಲೈಟಿನ ಕಪ್ಲರ್ ಅದಲುಬದಲು ಮಾಡಿ. ಮಂಕು ಲೈಟಿನ ಜೊತೆಗೇ ಹೋದರೆ ಲೈಟೇ ಕೆಟ್ಟಿದೆ. ಮಂಕು ಅದೇ ಬದಿಯಲ್ಲಿ ಉಳಿದರೆ ವೈರ್ ಕೆಟ್ಟಿದೆ. ಐದು ನಿಮಿಷದ ಈ ಪರೀಕ್ಷೆ ಮಾಡದೆ ಯಾರಿಗೂ ದುಡ್ಡು ಕೊಡಬೇಡಿ.

ವೈರ್ ಅಂತ ಗೊತ್ತಾದರೆ ಮೈನಸ್‌ನಿಂದ ಶುರು ಮಾಡಿ. ಫೋರ್ ಬೈ ಫೋರ್ ಗಾಡಿಗಳಲ್ಲಿ ಇದಕ್ಕೆ ವಿಶೇಷ ಕಾರಣ ಇದೆ. ಥಾರ್, ಬೊಲೆರೊ, ಸ್ಕಾರ್ಪಿಯೊ, ಜಿಪ್ಸಿ, ಜಿಮ್ನಿ ಇವೆಲ್ಲ ಚಾಸಿ ಮೇಲೆ ಬಾಡಿ ಕೂರಿಸಿದ ಗಾಡಿಗಳು. ಚಾಸಿಗೂ ಬಾಡಿಗೂ ನಡುವೆ ರಬ್ಬರ್ ಬುಷ್ ಇರುತ್ತದೆ. ರಬ್ಬರಿನಲ್ಲಿ ಕರೆಂಟು ಹರಿಯುವುದಿಲ್ಲ. ಬ್ಯಾಟರಿಯ ಮೈನಸ್ಸನ್ನು ಎಂಜಿನ್‌ಗೆ, ಚಾಸಿಗೆ, ಬಾಡಿಗೆ ಬೇರೆ ಬೇರೆ ಅರ್ಥಿಂಗ್ ಪಟ್ಟಿಗಳೇ ಜೋಡಿಸುತ್ತವೆ. ಕಬ್ಬಿಣದ ಬಂಪರ್ ಚಾಸಿಗೆ ಕೂತಿದೆ, ನಾವು ಲೈಟಿನ ಕಪ್ಪು ವೈರನ್ನು ಬಂಪರ್ ಬೋಲ್ಟಿಗೆ ಕಟ್ಟಿದ್ದೇವೆ ಅನ್ನಿ. ಈಗ ಕರೆಂಟು ವಾಪಸ್ ಹೋಗಬೇಕಾದರೆ ಬಂಪರಿನ ಪೇಂಟ್, ಬೋಲ್ಟಿನ ತುಕ್ಕು, ಚಾಸಿಯ ಪಟ್ಟಿ ಇಷ್ಟನ್ನೂ ದಾಟಬೇಕು. ಪ್ಲಾಸ್ಟಿಕ್ ಬಂಪರ್ ಇದ್ದರೆ ಅಲ್ಲಿ ಅರ್ಥಿಂಗ್ ಅನ್ನುವುದೇ ಇಲ್ಲ. ಒಳಗಿನ ಬ್ರ್ಯಾಕೆಟ್ಟಿಗೆ ಕಟ್ಟಿರುತ್ತಾರೆ, ಅದರ ಮೈತುಂಬ ಕಪ್ಪು ಪೇಂಟ್.

ಅಳೆಯುವುದು ಹೀಗೆ. ಲೈಟು ಉರಿಯಲಿ. ಮೀಟರನ್ನು 20 ವೋಲ್ಟ್ ಡಿಸಿಗೆ ಇಡಿ. ಕಪ್ಪು ಪ್ರೋಬ್ ಬ್ಯಾಟರಿಯ ಮೈನಸ್ ಕಂಬದ ಮೇಲೆ, ಲಗ್ಗಿನ ಮೇಲಲ್ಲ, ಕಂಬದ ಸೀಸದ ಮೇಲೆ. ಕೆಂಪು ಪ್ರೋಬ್ ಲೈಟಿನ ಕಪ್ಪು ವೈರಿನ ಮೇಲೆ, ಕಪ್ಲರಿನ ಹಿಂಭಾಗದಿಂದ. ಸರಿ ಇದ್ದರೆ 0.1, ಹೆಚ್ಚೆಂದರೆ 0.2 ವೋಲ್ಟ್ ತೋರಿಸುತ್ತದೆ. ಒಂದು, ಒಂದೂವರೆ ಬಂದರೆ ಅಷ್ಟು ವೋಲ್ಟೇಜ್ ದಾರಿಯಲ್ಲೇ ಸೋರಿಹೋಗುತ್ತಿದೆ. ತುಂಗಭದ್ರಾ ಕಾಲುವೆಯ ಕೊನೆ ಭಾಗದ ರೈತರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗೇಟಿನಲ್ಲಿ ಅಳೆದರೆ ನೀರು ಪೂರ್ತಿ ಇರುತ್ತದೆ, ಹೊಲಕ್ಕೆ ಮಾತ್ರ ಬರುವುದಿಲ್ಲ.

ಈಗ ಕೆಂಪು ಪ್ರೋಬನ್ನು ಹಿಂದಕ್ಕೆ ಸರಿಸುತ್ತಾ ಬನ್ನಿ. ಲೈಟಿನ ವೈರು, ಆಮೇಲೆ ಲಗ್ಗು, ಆಮೇಲೆ ಬೋಲ್ಟಿನ ತಲೆ, ಬಂಪರಿನ ಕಬ್ಬಿಣ, ಚಾಸಿ, ಬಾಡಿ. ಒಂದು ಜಾಗದಲ್ಲಿ 1.4 ಇದ್ದದ್ದು ಮುಂದಿನ ಜಾಗದಲ್ಲಿ 0.1ಕ್ಕೆ ಇಳಿಯುತ್ತದೆ. ಆ ಎರಡರ ನಡುವೆಯೇ ಕಾಯಿಲೆ.

ಅಲ್ಲಿ ಬಿಚ್ಚಿದರೆ ಏನು ಕಾಣುತ್ತದೆ ಅಂತ ಹೇಳುತ್ತೇನೆ. ಸಂಡೂರು ಕಡೆ ಓಡಾಡಿದ ಗಾಡಿಯಾದರೆ ಬೋಲ್ಟಿನ ಸುತ್ತ ಕೆಂಪು ಮಣ್ಣು ಹಪ್ಪಳದಂತೆ ಕಟ್ಟಿರುತ್ತದೆ. ಅದನ್ನು ಕೆರೆದರೆ ಕೆಳಗೆ ತುಕ್ಕು. ಎರಡರ ಬಣ್ಣವೂ ಒಂದೇ ಆದ್ದರಿಂದ ಮೇಲಿನಿಂದ ನೋಡಿದರೆ ಬರೀ ಧೂಳು ಅನಿಸುತ್ತದೆ. ಲಗ್ಗನ್ನು ಎಳೆದರೆ ಕೆಲವೊಮ್ಮೆ ಅದೇ ಕೈಗೆ ಬರುತ್ತದೆ. ವೈರಿನ ಸಿಪ್ಪೆಯನ್ನು ಒಂದು ಇಂಚು ಸೀಳಿ ನೋಡಿ. ತಾಮ್ರ ಹೊಳೆಯಬೇಕಿತ್ತು, ಅದರ ಬದಲು ಕಪ್ಪಾಗಿ, ತುದಿಯಲ್ಲಿ ಹಸಿರು ಪುಡಿಯಾಗಿ ಉದುರುತ್ತದೆ. ಧೂಳು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಒದ್ದೆ ವೈರಿನ ಒಳಗೆ ಎಳೆ ಎಳೆಯಾಗಿ ಹತ್ತುತ್ತದೆ. ಹಾಗೆ ಆದ ವೈರನ್ನು ಹೊಳೆಯುವ ತಾಮ್ರ ಸಿಗುವವರೆಗೂ ಕತ್ತರಿಸಿ. ಮೂರು ಇಂಚು ಹೋದರೂ ಚಿಂತೆ ಇಲ್ಲ.

ರಿಪೇರಿಯನ್ನು ಒಂದೇ ಸಲ ಗಟ್ಟಿಯಾಗಿ ಮಾಡಿ. ಎರಡೂ ಲೈಟಿನ ಕಪ್ಪು ವೈರನ್ನು ಬಂಪರಿಗೆ ಕಟ್ಟದೆ ಬಾನೆಟ್ ಒಳಗೆ ಕಂಪನಿಯೇ ಕೊಟ್ಟಿರುವ ಅರ್ಥಿಂಗ್ ಬೋಲ್ಟಿಗೆ ತನ್ನಿ. ಅಲ್ಲಿನ ಪೇಂಟನ್ನು ಉಪ್ಪುಕಾಗದದಿಂದ ಬಿಳಿ ಕಬ್ಬಿಣ ಕಾಣುವ ತನಕ ಉಜ್ಜಿ, ಹಲ್ಲಿನ ವಾಷರ್ ಹಾಕಿ ಬಿಗಿ ಮಾಡಿ, ಬಿಗಿ ಮಾಡಿದ ಮೇಲೆ ವ್ಯಾಸಲಿನ್ ಹಚ್ಚಿ. ಹೊಸ ಗಾಡಿಗಳಲ್ಲಿ ಬ್ಯಾಟರಿಯ ಮೈನಸ್ ಕಂಬದ ಮೇಲೆ ಸಣ್ಣ ಸೆನ್ಸರ್ ಕೂತಿರುತ್ತದೆ. ಅಂಥ ಕಡೆ ಕಂಬಕ್ಕೆ ನೇರವಾಗಿ ಏನನ್ನೂ ಕಟ್ಟಬೇಡಿ, ಬ್ಯಾಟರಿಯ ಲೆಕ್ಕ ತಪ್ಪುತ್ತದೆ. ಬಾಡಿಯ ಅರ್ಥಿಂಗ್ ಬೋಲ್ಟೇ ಸರಿ.

ಹಾರ್ನ್ ಹೊಡೆದಾಗ ಡಿಆರ್‌ಎಲ್ ಮಂಕಾಗುವುದು, ಇಂಡಿಕೇಟರ್ ಹಾಕಿದರೆ ಬೇರೆ ಯಾವುದೋ ಲೈಟು ಸಣ್ಣಗೆ ಮಿಣುಕುವುದು, ಸೆಲ್ಫ್ ನಿಧಾನವಾಗುವುದು ಇವೆಲ್ಲ ಒಟ್ಟಿಗೆ ಕಂಡರೆ ಡಿಆರ್‌ಎಲ್ ಮರೆತುಬಿಡಿ. ಗಾಡಿಯ ಮುಖ್ಯ ಅರ್ಥಿಂಗ್ ಪಟ್ಟಿಯೇ ಸಡಿಲವಾಗಿದೆ ಅಥವಾ ಹರಿದಿದೆ. ಮೊದಲು ಅದನ್ನು ಬದಲಿಸಿ.

ಪ್ಲಸ್ ಕಡೆಯೂ ಇದೇ ಕ್ರಮ. ಒಂದು ಪ್ರೋಬ್ ಬ್ಯಾಟರಿಯ ಪ್ಲಸ್ ಕಂಬದ ಮೇಲೆ, ಇನ್ನೊಂದು ಲೈಟಿನ ಪ್ಲಸ್ ವೈರಿನ ಮೇಲೆ. 0.3 ವೋಲ್ಟಿನೊಳಗೆ ಇದ್ದರೆ ಚಿಂತೆ ಇಲ್ಲ. ಜಾಸ್ತಿ ಇದ್ದರೆ ಫ್ಯೂಸ್ ಹೋಲ್ಡರ್, ರಿಲೇಯ ಕಾಲು, ಮತ್ತು ನೀಲಿ ಬಣ್ಣದ ಕಚ್ಚು ಕ್ಲಿಪ್‌ಗಳನ್ನು ನೋಡಿ. ಆ ಕ್ಲಿಪ್ ಬಗ್ಗೆ ನನ್ನ ಅಭಿಪ್ರಾಯ ಖಡಕ್ಕಾಗಿದೆ. ಬಾನೆಟ್ ಹೊರಗೆ, ಬಂಪರಿನ ಬಳಿ ಅದು ಬೇಡವೇ ಬೇಡ. ವೈರಿನ ಸಿಪ್ಪೆ ಕಚ್ಚಿ ತೂತು ಮಾಡುತ್ತದೆ, ಆ ತೂತಿನಿಂದ ನೀರು ಒಳಗೆ ಹೋಗುತ್ತದೆ.

ಮಿಣುಕುತ್ತದೆ

ಯಾವಾಗ ಮಿಣುಕುತ್ತದೆ ಅನ್ನುವುದರಲ್ಲೇ ಉತ್ತರ ಇದೆ. ಗುಂಡಿ ಹಾರಿಸಿದಾಗ ಮಾತ್ರ ಎಂದರೆ ಸಡಿಲ ಜಾಯಿಂಟ್. ಒಬ್ಬರನ್ನು ಲೈಟಿನ ಮುಂದೆ ನಿಲ್ಲಿಸಿ, ಕಪ್ಲರ್ ಮತ್ತು ವೈರನ್ನು ಅಲ್ಲಾಡಿಸುತ್ತಾ ಹೋಗಿ. ಆಕ್ಸಿಲರೇಟರ್ ಕೊಟ್ಟಂತೆ ಮಿಣುಕು ಬದಲಾದರೆ ಆಲ್ಟರ್ನೇಟರ್ ಕಡೆ ನೋಡಿ. ಅದರೊಳಗಿನ ಒಂದು ಡಯೋಡ್ ಹೋಗಿದ್ದರೆ ಡಿಸಿ ಜೊತೆ ಎಸಿ ಬೆರೆಯುತ್ತದೆ. ಒಳ್ಳೆಯ ಮೀಟರಿನ ಎಸಿ ವೋಲ್ಟ್‌ನಲ್ಲಿ ಬ್ಯಾಟರಿಯ ಮೇಲೆ ಅರ್ಧ ವೋಲ್ಟಿಗಿಂತ ಜಾಸ್ತಿ ಕಂಡರೆ ಅನುಮಾನ ಗಟ್ಟಿ. ಹಾಗೆಯೇ ಎಂಜಿನ್ ಜೋರಾಗಿ ತಿರುಗಿಸಿದಾಗ ಬ್ಯಾಟರಿಯಲ್ಲಿ 15 ವೋಲ್ಟ್ ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ. ಅಂಥ ಗಾಡಿಗೆ ಎಷ್ಟು ಡಿಆರ್‌ಎಲ್ ಹಾಕಿದರೂ ಸುಟ್ಟುಹೋಗುತ್ತವೆ, ಬ್ಯಾಟರಿಯೂ ಬೇಯುತ್ತದೆ.

ನಿಂತಾಗಲೂ ಓಡುವಾಗಲೂ ಒಂದೇ ಸಮ ಪಟಪಟ ಅನ್ನುತ್ತಿದ್ದರೆ, ಅಥವಾ ರಿಲೇ ಜೇನಿನಂತೆ ಗುಂಯ್‌ಗುಟ್ಟಿದರೆ, ಸಿಗ್ನಲ್ ತೆಗೆದ ಜಾಗ ತಪ್ಪು. ಹೊಸ ಗಾಡಿಗಳಲ್ಲಿ ಬಾಡಿ ಕಂಪ್ಯೂಟರ್ ಕೆಲವು ಲೈಟುಗಳಿಗೆ ಕರೆಂಟನ್ನು ಕ್ಷಣಕ್ಷಣ ಕಡಿದು ಕಡಿದು ಕೊಡುತ್ತದೆ. ಮಾಮೂಲಿ ಬಲ್ಬಿಗೆ ಅದು ಗೊತ್ತಾಗುವುದಿಲ್ಲ, ಎಲ್‌ಇಡಿಗೂ ರಿಲೇಗೂ ಗೊತ್ತಾಗುತ್ತದೆ. ಅಲ್ಲಿಂದ ವೈರ್ ತೆಗೆದು, ಕೀಲಿಗೆ ಬರುವ ಬೇರೆ ಫ್ಯೂಸಿನಿಂದ ಕರೆಂಟು ಕೊಡಿ. ಮೊಬೈಲ್ ಕ್ಯಾಮೆರಾದಲ್ಲಿ ಮಾತ್ರ ಮಿಣುಕು ಕಂಡು ಕಣ್ಣಿಗೆ ಕಾಣದಿದ್ದರೆ ಅದು ದೋಷ ಅಲ್ಲ. ಎಷ್ಟೋ ಎಲ್‌ಇಡಿ ಹಾಗೇ ಕಾಣುತ್ತವೆ.

ಓಡುತ್ತಿರುವಾಗಲೇ ಆರಿಹೋಗುತ್ತದೆ

ಇದಕ್ಕೆ ಎರಡು ಕಾರಣ, ಎರಡೂ ಬೇರೆ ಬೇರೆ ಥರ ಕಾಣುತ್ತವೆ.

ಒಂದು ಬಿಸಿ. ಏಪ್ರಿಲ್, ಮೇ ತಿಂಗಳಲ್ಲಿ ಬಳ್ಳಾರಿ, ರಾಯಚೂರಿನಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಮಾಮೂಲಿ. ಬೆಳಿಗ್ಗೆ ಚೆನ್ನಾಗಿ ಉರಿದು, ಮಧ್ಯಾಹ್ನ ರೈಲ್ವೆ ಗೇಟಿನಲ್ಲೋ ಲಾರಿ ಸಾಲಿನಲ್ಲೋ ನಿಂತಾಗ ಆರಿ, ಗಾಡಿ ಓಡತೊಡಗಿ ಗಾಳಿ ಬಿದ್ದ ಮೇಲೆ ಮತ್ತೆ ಹತ್ತಿದರೆ ಅದು ಬಿಸಿಯ ಲಕ್ಷಣ. ಲೈಟಿನ ಬೆನ್ನಿಗೆ ಅಲ್ಯೂಮಿನಿಯಂ ರೆಕ್ಕೆಗಳಿರುತ್ತವೆ, ಬಿಸಿ ಹೊರಗೆ ಹೋಗುವುದು ಅಲ್ಲಿಂದ. ಗದ್ದೆಯ ರಾಡಿ, ಅದಿರಿನ ಧೂಳು ಅಲ್ಲಿ ತುಂಬಿ ಗಟ್ಟಿಯಾದರೆ ಬಿಸಿ ಒಳಗೇ ಉಳಿಯುತ್ತದೆ. ಹಲ್ಲುಜ್ಜುವ ಹಳೇ ಬ್ರಷ್ ಮತ್ತು ನೀರು ಸಾಕು. ಕಂಟ್ರೋಲ್ ಬಾಕ್ಸನ್ನು ರೇಡಿಯೇಟರ್ ಹಿಂದೆ, ಸೈಲೆನ್ಸರ್ ಪೈಪ್ ಬಳಿ ಕಟ್ಟಿದ್ದರೆ ಅದನ್ನು ಬ್ಯಾಟರಿಯ ಪಕ್ಕಕ್ಕೋ ಫೆಂಡರ್ ಒಳಗೋ ಸರಿಸಿ.

ಇನ್ನೊಂದು ಹೊಸ ಬಿಎಸ್ 6 ಗಾಡಿಗಳ ಸಮಸ್ಯೆ. ಇವುಗಳಲ್ಲಿ ಕೆಲವು ಬ್ಯಾಟರಿ ತುಂಬಿದ ಮೇಲೆ ಡೀಸೆಲ್ ಉಳಿಸಲು ಆಲ್ಟರ್ನೇಟರಿನ ಚಾರ್ಜ್ ಇಳಿಸುತ್ತವೆ. ವೋಲ್ಟೇಜ್ 13ಕ್ಕಿಂತ ಕೆಳಗೆ ಬಂದ ಕೂಡಲೇ ಬಾಕ್ಸು ಎಂಜಿನ್ ನಿಂತಿತು ಅಂತ ತಿಳಿದು ಲೈಟು ಆರಿಸುತ್ತದೆ. ಹೊಸಪೇಟೆ ರಸ್ತೆಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಆರಿ, ಬ್ಲೋವರ್ ಜೋರು ಮಾಡಿದರೆ ಹತ್ತಿದರೆ ಇದೇ ಅಂತ ತಿಳಿಯಿರಿ. ಬಾಕ್ಸ್ ಬದಲಿಸಿ ಪ್ರಯೋಜನ ಇಲ್ಲ, ಅದು ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿದೆ. ಅಂಥ ಗಾಡಿಗೆ ಕೀಲಿಯ ಫ್ಯೂಸ್ ಮತ್ತು ರಿಲೇ ಇರುವ ವೈರಿಂಗೇ ಹೊಂದುತ್ತದೆ.

ರಾತ್ರಿ ಹೈ ಬೀಮ್ ಹಾಕಿದರೆ ಡಿಆರ್‌ಎಲ್ ಹತ್ತುತ್ತದೆ

ಸಿಗ್ನಲ್ ವೈರನ್ನು ಲೋ ಬೀಮಿನಿಂದ ತೆಗೆದಿದ್ದಾರೆ. ಒಂದೇ ಬಲ್ಬಿನಲ್ಲಿ ಎರಡು ತಂತಿ ಇರುವ ಎಚ್4 ಹೆಡ್‌ಲೈಟ್‌ಗಳಲ್ಲಿ ಹೈ ಹಾಕಿದಾಗ ಲೋ ಆರುತ್ತದೆ. ರಿಲೇಗೆ ಹಗಲಾಯಿತು ಅಂತ ಅನಿಸುತ್ತದೆ. ವೈರನ್ನು ಪಾರ್ಕಿಂಗ್ ಲೈಟಿಗೆ ಬದಲಿಸಿ, ಅದು ಎರಡರಲ್ಲೂ ಉರಿಯುತ್ತಿರುತ್ತದೆ. ಕೆಲವು ಹಳೇ ಜಪಾನಿ ಫೋರ್ ಬೈ ಫೋರ್‌ಗಳಲ್ಲಿ ಹೆಡ್‌ಲೈಟಿನ ಸ್ವಿಚ್ ಪ್ಲಸ್ ಬದಲು ಮೈನಸ್ ಕಡಿಯುತ್ತದೆ. ಅಂಥ ಗಾಡಿಯ ಹೆಡ್‌ಲೈಟ್ ಹೋಲ್ಡರಿನಲ್ಲಿ ಸ್ವಿಚ್ ಆಫ್ ಇದ್ದರೂ ಪ್ಲಸ್ ಕಾಣುತ್ತದೆ. ಅಲ್ಲಿಂದ ಸಿಗ್ನಲ್ ತೆಗೆದರೆ ಡಿಆರ್‌ಎಲ್ ಯಾವತ್ತೂ ಹತ್ತುವುದಿಲ್ಲ.

ಬ್ಯಾಟರಿ ಇಳಿಯುತ್ತದೆ

ಎಂಜಿನ್ ಆರಿಸಿದ ಮೇಲೆ ಕೆಲವು ನಿಮಿಷ ಡಿಆರ್‌ಎಲ್ ಉರಿದರೆ ಹೆದರಬೇಡಿ. ಚಾರ್ಜಿನಿಂದ ಏರಿದ ವೋಲ್ಟೇಜ್ ಇಳಿಯಲು ಅಷ್ಟು ಹೊತ್ತು ಬೇಕು. ಆಮೇಲೂ ಸಣ್ಣಗೆ ಮಿನುಗುತ್ತಿದ್ದರೆ ಅಥವಾ ವಾರ ನಿಲ್ಲಿಸಿದ ಗಾಡಿ ಹತ್ತದಿದ್ದರೆ ಅಳೆಯಬೇಕು.

ಕೀಲಿ ತೆಗೆದು, ಬಾಗಿಲು ಹಾಕಿ, ಮೀಟರನ್ನು 10 ಆಂಪಿಯರ್ ತೂತಿಗೆ ಬದಲಿಸಿ, ಬ್ಯಾಟರಿಯ ಮೈನಸ್ ಲಗ್ಗಿಗೂ ಕಂಬಕ್ಕೂ ನಡುವೆ ಸೇರಿಸಿ. ಮೀಟರ್ ಸೇರಿಸಿದ ಮೇಲೆ ಸೆಲ್ಫ್ ಹೊಡೆಯಬಾರದು, ಮೀಟರ್ ಸುಟ್ಟುಹೋಗುತ್ತದೆ. ಗಾಡಿಯ ಕಂಪ್ಯೂಟರ್‌ಗಳು ಮಲಗಲು ಅರ್ಧ ಗಂಟೆ ಬಿಡಿ. 50 ಮಿಲಿ ಆಂಪಿಯರ್ ಒಳಗಿದ್ದರೆ ಸರಿ. ಜಾಸ್ತಿ ಇದ್ದರೆ ಡಿಆರ್‌ಎಲ್ ಫ್ಯೂಸ್ ತೆಗೆಯಿರಿ. ಇಳಿಯಿತಾ? ಹಾಗಾದರೆ ಕಳ್ಳ ಅಲ್ಲೇ ಇದ್ದಾನೆ. ಇಳಿಯಲಿಲ್ಲವಾ? ಡಿಆರ್‌ಎಲ್ ಮೇಲೆ ಅಪವಾದ ಹೊರಿಸಬೇಡಿ, ಸ್ಟೀರಿಯೊ, ಜಿಪಿಎಸ್ ಕಡೆ ನೋಡಿ. 100 ಮಿಲಿ ಆಂಪಿಯರ್ ಅಂದರೆ ಸಣ್ಣದು ಅನಿಸುತ್ತದೆ, ಅಲ್ವಾ? ದಿನಕ್ಕೆ 2.4 ಆಂಪಿಯರ್ ಅವರ್ ಹೋಗುತ್ತದೆ. ಎರಡು ವಾರದಲ್ಲಿ 60 ಆಂಪಿಯರ್ ಅವರ್ ಬ್ಯಾಟರಿಯ ಅರ್ಧಕ್ಕಿಂತ ಜಾಸ್ತಿ ಖಾಲಿ.

ಹಳ್ಳ ದಾಟಿದ ಮೇಲೆ, ವಾಟರ್ ಸರ್ವಿಸ್ ಆದ ಮೇಲೆ

ಲೈಟಿನ ಮೇಲೆ ಐಪಿ67 ಅಂತ ಬರೆದಿದ್ದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಒಳಗೆ ನೀರು ಹೋಗಬಾರದು ಅಂತ ಅರ್ಥ. ಸರ್ವಿಸ್ ಸ್ಟೇಷನ್ನಿನ ಪ್ರೆಷರ್ ಪೈಪಿಗೆ ಅದು ಅನ್ವಯಿಸುವುದಿಲ್ಲ. ಡಿಆರ್‌ಎಲ್ ಮತ್ತು ಕಪ್ಲರಿಗೆ ನೇರ ಹೊಡೆಯಬೇಡಿ ಅಂತ ಮೊದಲೇ ಹೇಳಿ. ಹಳ್ಳ ದಾಟುವಾಗ ಇನ್ನೊಂದು ತೊಂದರೆ. ಬಿಸಿಯಾದ ಲೈಟು ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ಸಂದಿಯಿಂದ ನೀರು ಎಳೆದುಕೊಳ್ಳುತ್ತದೆ. ಆಳವಾದ ನೀರಿಗೆ ಇಳಿಸುವ ಮೊದಲು ಡಿಆರ್‌ಎಲ್ ಆರಿಸಿ ಸ್ವಲ್ಪ ಹೊತ್ತು ನಿಲ್ಲಿ. ಗಾಜಿನ ಒಳಗೆ ಮಂಜು ಕಂಡು ಬಿಸಿಲಿಗೆ ಹೋದರೆ ಪರವಾಗಿಲ್ಲ, ನೀರಿನ ಹನಿ ನಿಂತಿದ್ದರೆ ಆ ಲೈಟು ಬದಲಿಸಬೇಕು. ಕಪ್ಲರಿನ ಬಾಯಿ ಕೆಳಮುಖ ಇರಲಿ. ವೈರ್ ಲೈಟಿನಿಂದ ಒಮ್ಮೆ ಕೆಳಗೆ ಇಳಿದು ಆಮೇಲೆ ಮೇಲೆ ಹೋಗಲಿ, ನೀರು ತಗ್ಗಿನಲ್ಲೇ ತೊಟ್ಟಿಕ್ಕುತ್ತದೆ.

ರೇಡಿಯೊದಲ್ಲಿ ಸದ್ದು

ಡಿಆರ್‌ಎಲ್ ಹತ್ತಿದ ಕೂಡಲೇ ಹೊಸಪೇಟೆ ಆಕಾಶವಾಣಿಯಲ್ಲಿ ಸುಂಯ್ ಅಂತ ಶುರುವಾದರೆ ಫ್ಯೂಸ್ ತೆಗೆದು ನೋಡಿ. ಸದ್ದು ನಿಂತರೆ ಎಲ್‌ಇಡಿಗೆ ಕರೆಂಟು ಹದ ಮಾಡಿ ಕೊಡುವ ಅಗ್ಗದ ಡ್ರೈವರ್ ಸರ್ಕ್ಯೂಟಿನದೇ ಕಾಟ. ಡಿಆರ್‌ಎಲ್ ವೈರನ್ನು ಆಂಟೆನಾ ವೈರಿನಿಂದ ದೂರ ಮಾಡಿ, ಎರಡೂ ವೈರಿಗೆ ಫೆರೈಟ್ ಉಂಗುರ ಹಾಕಿ. ಹೋಗದಿದ್ದರೆ ಕಿಟ್ ಬದಲಿಸಬೇಕು.

ಮತ್ತೆ ಕೂರಿಸುವಾಗ

ಬಿಚ್ಚಿದ್ದಾಗಲೇ ಜಾಗವೂ ಸರಿ ಇದೆಯೇ ನೋಡಿ. ವಿಶ್ವಸಂಸ್ಥೆಯ ವಾಹನ ನಿಯಮ 48ರ ಪ್ರಕಾರ ಡಿಆರ್‌ಎಲ್ ನೆಲದಿಂದ 250ರಿಂದ 1500 ಮಿಲಿಮೀಟರ್ ಎತ್ತರದಲ್ಲಿ ಇರಬೇಕು, ಎರಡರ ನಡುವೆ ಕನಿಷ್ಠ 600 ಮಿಲಿಮೀಟರ್ ಅಂತರ ಇರಬೇಕು. ಬೆಳಕು ಬಿಳಿ, 400ರಿಂದ 1200 ಕ್ಯಾಂಡೆಲಾ (ಬೆಳಕಿನ ತೀಕ್ಷ್ಣತೆಯ ಅಳತೆ) ನಡುವೆ. ಅದಕ್ಕಿಂತ ಜೋರಾದ ವರ್ಕ್ ಲೈಟನ್ನು ಡಿಆರ್‌ಎಲ್ ಅಂತ ಹಾಕಿದರೆ ಎದುರಿನವನಿಗೆ ಕಣ್ಣು ಕುಕ್ಕುತ್ತದೆ, ಕೆಲಸ ಉಲ್ಟಾ ಆಗುತ್ತದೆ. ಬುಲ್ ಬಾರಿಗೆ, ಅಂದರೆ ಬಂಪರ್ ಮುಂದೆ ಹಾಕಿಸಿದ ಕಬ್ಬಿಣದ ಗಾರ್ಡಿಗೆ, ಕಟ್ಟಿದ್ದರೆ ಬಂಪರಿಗೆ ಇಳಿಸಿ. ಬುಲ್ ಬಾರ್ ಹಾಕಿದ ವಾಹನಗಳ ಮೇಲೆ ಕ್ರಮ ಕೈಗೊಳ್ಳಿ ಅಂತ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿದೆ. ಹೊಸ ಗಾಡಿಯಾದರೆ ವಾರಂಟಿ ಪುಸ್ತಕ ಓದಿ, ವೈರ್ ಕತ್ತರಿಸದೆ ಫ್ಯೂಸ್ ಟ್ಯಾಪ್ (ಫ್ಯೂಸ್ ಜಾಗದಿಂದ ಇನ್ನೊಂದು ವೈರ್ ತೆಗೆಯುವ ಕೊಂಡಿ) ಮತ್ತು ಕಪ್ಲರ್ ಮೂಲಕವೇ ಸೇರಿಸಿ. ಏರ್‌ಬ್ಯಾಗ್, ಎಬಿಎಸ್, ಎಂಜಿನ್ ಕಂಪ್ಯೂಟರಿನ ಫ್ಯೂಸ್‌ಗಳಿಂದ ಕರೆಂಟು ಕದಿಯಬೇಡಿ.

ಕೊನೆಗೆ ಗಾಡಿಯ ಹಿಂದೆ ಹೋಗಿ ನೋಡಿ. ಹೊರಗಿನ ಕಿಟ್ ಹಚ್ಚುವುದು ಮುಂದಿನ ಎರಡು ಲೈಟು ಮಾತ್ರ, ಹಿಂದಿನ ಕೆಂಪು ದೀಪ ಆರಿಯೇ ಇರುತ್ತದೆ. ಮುಂದೆ ಬೆಳಕು ಕಾಣುತ್ತದೆ ಅಂತ ಸಂಜೆ, ಮಳೆ, ದಟ್ಟ ಧೂಳಿನಲ್ಲಿ ಡಿಆರ್‌ಎಲ್ ನಂಬಿ ಹೋದರೆ ಹಿಂದಿನಿಂದ ಬರುವ ಲಾರಿಗೆ ನೀವು ಕಾಣುವುದೇ ಇಲ್ಲ. ಅಂಥ ಹೊತ್ತಲ್ಲಿ ಹೆಡ್‌ಲೈಟ್ ಸ್ವಿಚ್ ಕೈಯಾರೆ ಹಾಕಿ. ಹಾಕಿದಾಗ ಡಿಆರ್‌ಎಲ್ ಆರುತ್ತದೆಯೇ, ಹಿಂದಿನ ಎರಡೂ ದೀಪ ಹತ್ತುತ್ತವೆಯೇ ಅಂತ ಒಬ್ಬರನ್ನು ಹಿಂದೆ ನಿಲ್ಲಿಸಿ ಕೇಳಿ. ಆಮೇಲೆ ಬಂಪರಿನ ಬೋಲ್ಟ್ ಬಿಗಿ ಮಾಡಿ.